ಕಲ್ಪಿತ ಸಚೇತಕನೊಬ್ಬನ ಏರುದಾರಿ

ಅಧ್ಯಕ್ಷರು, ಪ್ರಧಾನಿಗಳು ಕಥೆ, ಕಾದಂಬರಿ, ಚಲನಚಿತ್ರಗಳಲ್ಲಿ ಧಾರಾಳವಾಗಿ ಕಾಣಿಸಿಕೊಳ್ಳುತ್ತಾರೆ. ಆದರೆ ಶಾಸನಸಭೆಯೊಳಗಿದ್ದು ಸದಸ್ಯರ ತಲೆ ಎಣಿಸುವ, ಒಬ್ಬೊಬ್ಬರನ್ನೇ ಒಲಿಸಿ ಮಸೂದೆಯನ್ನು ದಡ ಮುಟ್ಟಿಸುವ ನಾಯಕನನ್ನು ಕೇಂದ್ರದಲ್ಲಿಟ್ಟುಕೊಂಡ ಕೃತಿಗಳು ಬೆರಳೆಣಿಕೆಯಷ್ಟು. 2013ರ ಫೆಬ್ರವರಿ 1ರಂದು ನೆಟ್‌ಫ್ಲಿಕ್ಸ್‌ನಲ್ಲಿ ಆರಂಭವಾಗಿ 2018ರ ನವೆಂಬರ್‌ನಲ್ಲಿ ಮುಗಿದ, ಆರು ಸೀಸನ್‌ಗಳ 73 ಕಂತುಗಳ ‘ಹೌಸ್ ಆಫ್ ಕಾರ್ಡ್ಸ್’ ಧಾರಾವಾಹಿಯ ಫ್ರಾಂಕ್ ಅಂಡರ್‌ವುಡ್ ಅಂಥ ಅಪರೂಪದ ಪಾತ್ರ. ಅಮೆರಿಕದ ಕೆಳಮನೆಯಲ್ಲಿ ಬಹುಮತ ಪಕ್ಷದ ಸಚೇತಕನಾಗಿದ್ದ ಈತ, ಅಧ್ಯಕ್ಷ ಪದವಿಗೆ ಜನರಿಂದ ಒಂದೂ ಮತ ಪಡೆಯದೆ, ಎರಡೇ ಸೀಸನ್‌ಗಳಲ್ಲಿ ಅಧ್ಯಕ್ಷನಾಗುತ್ತಾನೆ. ಕಥೆಯ ಕೊಲೆ, ಬೆದರಿಕೆ, ವಂಚನೆಗಳನ್ನು ಬದಿಗಿಟ್ಟು ಅವನ ರಾಜಕೀಯ ಏರಿಕೆಯನ್ನಷ್ಟೇ ಹಿಂಬಾಲಿಸಿದರೆ, ಅದರ ಬಹುಪಾಲು ಮೆಟ್ಟಿಲುಗಳು ಅಮೆರಿಕದ ಸಂವಿಧಾನದಲ್ಲಿಯೂ ಇತಿಹಾಸದಲ್ಲಿಯೂ ನಿಜಕ್ಕೂ ಇರುವಂಥವೇ ಎಂಬುದು ಗೊತ್ತಾಗುತ್ತದೆ. ಅದೇ ಇತಿಹಾಸವನ್ನು ಪಕ್ಕದಲ್ಲಿಟ್ಟು ನೋಡಿದಾಗ, ಶಾಸನಸಭೆಯ ನಾಯಕತ್ವದ ತಿರುಳನ್ನೇ ಈ ಕಥೆ ಕೈಬಿಟ್ಟಿರುವುದೂ ಕಾಣುತ್ತದೆ.

ಅಮೆರಿಕದ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದರಲ್ಲಿ 435 ಸದಸ್ಯರ ಪ್ರತಿನಿಧಿ ಸಭೆಯೆಂಬ ಕೆಳಮನೆಯೂ, ರಾಜ್ಯವೊಂದಕ್ಕೆ ಇಬ್ಬರಂತೆ 100 ಸದಸ್ಯರ ಸೆನೆಟ್ ಎಂಬ ಮೇಲ್ಮನೆಯೂ ಇವೆ. ಕೆಳಮನೆಯಲ್ಲಿ ಬಹುಮತವಿರುವ ಪಕ್ಷದ ಶ್ರೇಣಿಯಲ್ಲಿ ಮೊದಲು ಸ್ಪೀಕರ್, ನಂತರ ಬಹುಮತ ಪಕ್ಷದ ನಾಯಕ, ಮೂರನೆಯವನಾಗಿ ಸಚೇತಕ ಅಥವಾ ವಿಪ್. ಇವರಲ್ಲಿ ಸಂವಿಧಾನ ಹೆಸರಿಸುವುದು ಸ್ಪೀಕರ್ ಹುದ್ದೆಯನ್ನು ಮಾತ್ರ. ಉಳಿದೆರಡೂ ರೂಢಿಯಿಂದ ಬೆಳೆದು ಬಂದವು. ರಿಪಬ್ಲಿಕನ್ ಪಕ್ಷ 1897ರಲ್ಲಿ ಮಿನ್ನೆಸೋಟಾದ ಜೇಮ್ಸ್ ಟಾನಿ ಅವರನ್ನು ತನ್ನ ಮೊದಲ ಸಚೇತಕರನ್ನಾಗಿ ನೇಮಿಸಿತು; ಸ್ವಲ್ಪ ಕಾಲದಲ್ಲೇ ಡೆಮಾಕ್ರಟಿಕ್ ಪಕ್ಷವೂ ಅದೇ ದಾರಿ ಹಿಡಿದು, ಅಲಬಾಮಾದ ಆಸ್ಕರ್ ಅಂಡರ್‌ವುಡ್ ಅವರಿಗೆ ಆ ಹೊಣೆ ವಹಿಸಿತು. ಕಲ್ಪಿತ ಸಚೇತಕನ ಮನೆತನದ ಹೆಸರು ನಿಜವಾದ ಈ ಮೊದಲ ಡೆಮಾಕ್ರಟಿಕ್ ಸಚೇತಕರ ಹೆಸರೇ ಆಗಿದೆ. ಅವರ ವಿಷಯ ಮುಂದೆ ಬರುತ್ತದೆ.

ಭಾರತದ ಓದುಗರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯ ಮೂಲಕ ಹತ್ತನೇ ಅನುಸೂಚಿ ಸೇರಿದ ಮೇಲೆ ನಮ್ಮಲ್ಲಿ ಪಕ್ಷದ ವಿಪ್ ಉಲ್ಲಂಘಿಸಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. 2019ರ ಜುಲೈನಲ್ಲಿ ಕರ್ನಾಟಕದ ಸಮ್ಮಿಶ್ರ ಸರ್ಕಾರ ಬಿದ್ದಾಗ, ರಾಜೀನಾಮೆ ಕೊಟ್ಟ ಶಾಸಕರನ್ನು ವಿಪ್ ಕಟ್ಟಿಹಾಕಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಕೊನೆಗೆ 17 ಮಂದಿ ಅನರ್ಹಗೊಂಡದ್ದು ಇನ್ನೂ ಹಳೆಯ ಮಾತಲ್ಲ. ಅಮೆರಿಕದಲ್ಲಿ ಇಂಥ ಕಾನೂನು ಇಲ್ಲ. ಅಲ್ಲಿನ ಸದಸ್ಯ ತನ್ನ ಪಕ್ಷದ ವಿರುದ್ಧ ಮತ ಹಾಕಿ ಮರುದಿನ ಅದೇ ಪಕ್ಷದ ಸಾಲಿನಲ್ಲಿ ಕುಳಿತುಕೊಳ್ಳಬಹುದು, ಮುಂದಿನ ಚುನಾವಣೆಗೆ ಟಿಕೆಟ್ ಕೊಡುವುದೂ ಪಕ್ಷದ ವರಿಷ್ಠರಲ್ಲ, ಕ್ಷೇತ್ರದ ಮತದಾರರು ಪ್ರಾಥಮಿಕ ಚುನಾವಣೆಯಲ್ಲಿ ಆರಿಸುತ್ತಾರೆ. ಹೀಗಾಗಿ ಅಮೆರಿಕದ ಸಚೇತಕನ ಕೈಯಲ್ಲಿ ದಂಡನೆಯ ಅಸ್ತ್ರ ಬಹಳ ಸಣ್ಣದು. ಯಾವ ಸದಸ್ಯನಿಗೆ ಯಾವ ಸಮಿತಿ ಬೇಕು, ಯಾರ ಕ್ಷೇತ್ರದಲ್ಲಿ ಯಾವ ಸೇತುವೆ ಬಾಕಿಯಿದೆ, ಯಾರು ಯಾವ ವಿಷಯದಲ್ಲಿ ಎಲ್ಲಿಯವರೆಗೆ ಬಗ್ಗಬಲ್ಲರು ಎಂಬ ತಿಳಿವಳಿಕೆಯೇ ಅವನ ಬಂಡವಾಳ. ಈ ಒಂದು ಸಂಗತಿ ಗೊತ್ತಿಲ್ಲದಿದ್ದರೆ ಫ್ರಾಂಕ್ ಅಂಡರ್‌ವುಡ್ ಏಕೆ ಸದಾ ಯಾರದೋ ಗುಟ್ಟು ಹುಡುಕುತ್ತಿರುತ್ತಾನೆ ಎಂಬುದೇ ಅರ್ಥವಾಗುವುದಿಲ್ಲ.

ಈ ಪಾತ್ರದ ಮೂಲ ಬ್ರಿಟನ್ನಿನದು. ಮಾರ್ಗರೆಟ್ ಥ್ಯಾಚರ್ ಕಾಲದ ಕನ್ಸರ್ವೇಟಿವ್ ಪಕ್ಷದ ಕಚೇರಿಯಲ್ಲಿ ಹಿರಿಯ ಹುದ್ದೆಯಲ್ಲಿದ್ದ ಮೈಕೆಲ್ ಡಾಬ್ಸ್ 1989ರಲ್ಲಿ ಬರೆದ ಕಾದಂಬರಿಯಲ್ಲಿ, ಮತ್ತು 1990ರಲ್ಲಿ ಬಿಬಿಸಿ ಅದನ್ನು ಧಾರಾವಾಹಿಯಾಗಿಸಿದಾಗ, ಆ ಸಚೇತಕನ ಹೆಸರು ಫ್ರಾನ್ಸಿಸ್ ಅರ್ಕರ್ಟ್. ಬ್ರಿಟನ್ನಿನಲ್ಲಿ ಅವನ ಕೆಲಸ ಹೆಚ್ಚು ನೇರವಾಗಿತ್ತು: ಆಳುವ ಪಕ್ಷದ ನಾಯಕನಾದವನೇ ಪ್ರಧಾನಿಯಾಗುವುದರಿಂದ, ಹಾಲಿ ನಾಯಕನನ್ನು ಕೆಡವಿ ಪಕ್ಷದೊಳಗಿನ ಪೈಪೋಟಿಯಲ್ಲಿ ಗೆದ್ದರೆ ಸಾಕು. ಅಮೆರಿಕದ ಅಧ್ಯಕ್ಷನಾದರೋ ಶಾಸಕರ ಬೆಂಬಲದ ಮೇಲೆ ನಿಂತವನಲ್ಲ. ನಾಲ್ಕು ವರ್ಷದ ಖಚಿತ ಅವಧಿಗೆ ಪ್ರತ್ಯೇಕವಾಗಿ ಚುನಾಯಿತನಾದವನು. ಆದ್ದರಿಂದ ಕಥೆಯನ್ನು ವಾಷಿಂಗ್ಟನ್ನಿಗೆ ಒಗ್ಗಿಸಿದ ಬೋ ವಿಲ್ಲಿಮನ್ ಮತ್ತು ಅವರ ಬರಹಗಾರರು, ಚುನಾವಣೆಗೆ ನಿಲ್ಲದೆ ಶಾಸಕನೊಬ್ಬ ಶ್ವೇತಭವನ ಸೇರಲು ಸಂವಿಧಾನದಲ್ಲಿ ಬಾಗಿಲು ಎಲ್ಲಿದೆ ಎಂದು ಹುಡುಕಬೇಕಾಯಿತು. ಅವರು ಕಂಡುಕೊಂಡ ಬಾಗಿಲು ನಿಜವಾದದ್ದು ಎಂಬುದರಲ್ಲೇ ಈ ಧಾರಾವಾಹಿಯ ಗಟ್ಟಿತನವಿದೆ.

ಕಥೆಯ ಫ್ರಾಂಕ್ ದಕ್ಷಿಣ ಕೆರೊಲಿನಾ ರಾಜ್ಯದ ಗ್ಯಾಫ್ನಿ ಎಂಬ ಊರಿನವನು, ಆ ರಾಜ್ಯದ ಐದನೇ ಕ್ಷೇತ್ರದಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಳಮನೆಯಲ್ಲಿದ್ದವನು. ಗ್ಯಾರೆಟ್ ವಾಕರ್ ಅಧ್ಯಕ್ಷನಾಗಲು ದುಡಿದ ಅವನಿಗೆ ವಿದೇಶಾಂಗ ಸಚಿವ ಸ್ಥಾನದ ಭರವಸೆ ಸಿಕ್ಕಿರುತ್ತದೆ. ಗೆಲುವಿನ ನಂತರ, ಕಾಂಗ್ರೆಸ್ಸಿನಲ್ಲಿ ಅವನ ಅಗತ್ಯ ಹೆಚ್ಚೆಂಬ ನೆಪದಲ್ಲಿ ಆ ಮಾತು ಮುರಿಯುತ್ತದೆ. ಅಲ್ಲಿಂದ ಸೇಡಿನ ಕಥೆ ಶುರು. ಮೊದಲ ಸೀಸನ್ನಿನ ಆರಂಭದ ಕಂತುಗಳಲ್ಲಿಯೇ ಬರುವ ಒಂದು ವ್ಯವಹಾರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಶಾಸಕಾಂಗದ ಒಳಗಿನ ಲೆಕ್ಕಾಚಾರವನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ದೃಶ್ಯಗಳು ಕಡಿಮೆ. ಶಿಕ್ಷಣ ಮಸೂದೆಗೆ ಸ್ಪೀಕರ್ ಬಾಬ್ ಬರ್ಚ್ ಅಡ್ಡ ನಿಂತಾಗ, ಫ್ರಾಂಕ್ ಅವನ ವಿರುದ್ಧ ಅವಿಶ್ವಾಸದ ಸಂಚು ಹೂಡಿ, ಕಪ್ಪು ವರ್ಣೀಯ ಸದಸ್ಯರ ಗುಂಪಿನ ಮುಖಂಡ ಟೆರಿ ವೊಮ್ಯಾಕ್‌ನ ಬೆಂಬಲ ಕೋರುತ್ತಾನೆ. ವೊಮ್ಯಾಕ್ ಕೇಳುವ ಬೆಲೆ ತನ್ನ ಕ್ಷೇತ್ರದಲ್ಲಿ ಮುಚ್ಚಲಿರುವ ಸೇನಾ ನೆಲೆ ಉಳಿಯಬೇಕೆಂಬುದು. ಆ ನೆಲೆ ಉಳಿಯಬೇಕಾದರೆ ಬೇರೊಂದು ಮುಚ್ಚಬೇಕು. ಫಿಲಡೆಲ್ಫಿಯಾದ ಸದಸ್ಯ ಪೀಟರ್ ರೂಸೋನ ಕ್ಷೇತ್ರದ ಹಡಗುಕಟ್ಟೆ ಬಲಿಯಾಗುತ್ತದೆ, ಸಾವಿರಾರು ಜನರ ಕೆಲಸ ಹೋಗುತ್ತದೆ, ಕುಡಿತದ ಹಗರಣವೊಂದರಿಂದ ಫ್ರಾಂಕ್‌ನ ಹಿಡಿತಕ್ಕೆ ಸಿಕ್ಕಿದ್ದ ರೂಸೋ ಬಾಯಿ ತೆರೆಯಲಾಗದೆ ಉಳಿಯುತ್ತಾನೆ. ಮಸೂದೆಯೊಂದಕ್ಕೆ ಬೇಕಾದ ಮತಗಳು ಸೇರುವ ರೀತಿ, ಮತ್ತು ಅದರ ಬೆಲೆ ತೆರುವವರು ಆ ಮಸೂದೆಗೆ ಸಂಬಂಧವೇ ಇಲ್ಲದ ದೂರದ ಊರಿನ ದುಡಿಯುವ ಜನ ಎಂಬ ಕಹಿ ಸತ್ಯ, ಎರಡೂ ಇಲ್ಲಿ ಒಟ್ಟಿಗೆ ಕಾಣುತ್ತವೆ.

ಮುಂದೆ ಅದೇ ರೂಸೋನನ್ನು ಪೆನ್ಸಿಲ್ವೇನಿಯಾದ ಗವರ್ನರ್ ಸ್ಥಾನಕ್ಕೆ ನಿಲ್ಲಿಸಿ, ಕೆಡವಿ, ಕೊನೆಗೆ ಕೊಂದು, ಆ ಖಾಲಿ ಜಾಗಕ್ಕೆ ಹಿಂದೆ ಅದೇ ರಾಜ್ಯದ ಗವರ್ನರ್ ಆಗಿದ್ದ ಉಪಾಧ್ಯಕ್ಷ ಜಿಮ್ ಮ್ಯಾಥ್ಯೂಸ್‌ನನ್ನು ಮರಳುವಂತೆ ಫ್ರಾಂಕ್ ಪುಸಲಾಯಿಸುತ್ತಾನೆ. ಉಪಾಧ್ಯಕ್ಷನ ಸ್ಥಾನ ತೆರವಾಗುತ್ತದೆ. ಬರಹಗಾರರು ಕಂಡುಕೊಂಡ ಬಾಗಿಲು ಇದೇ: ಸಂವಿಧಾನದ 25ನೇ ತಿದ್ದುಪಡಿ. 1967ರ ಫೆಬ್ರವರಿಯಲ್ಲಿ ಅಂಗೀಕಾರ ಪೂರ್ಣಗೊಂಡ ಈ ತಿದ್ದುಪಡಿಗೆ ಮುಂಚೆ ಉಪಾಧ್ಯಕ್ಷ ಸತ್ತರೆ, ರಾಜೀನಾಮೆ ಕೊಟ್ಟರೆ ಅಥವಾ ಅಧ್ಯಕ್ಷನಾಗಿ ಬಡ್ತಿ ಪಡೆದರೆ ಮುಂದಿನ ಚುನಾವಣೆವರೆಗೆ ಆ ಕುರ್ಚಿ ಖಾಲಿಯೇ ಇರುತ್ತಿತ್ತು. ಜಾನ್ ಕೆನಡಿಯವರ ಹತ್ಯೆಯ ನಂತರ ಈ ಕೊರತೆ ಎಲ್ಲರ ಕಣ್ಣಿಗೂ ಬಿತ್ತು. ತಿದ್ದುಪಡಿಯ ಎರಡನೇ ವಿಭಾಗದಂತೆ ಈಗ ಅಧ್ಯಕ್ಷ ಒಬ್ಬರನ್ನು ಹೆಸರಿಸಬೇಕು, ಎರಡೂ ಸದನಗಳು ಬಹುಮತದಿಂದ ಒಪ್ಪಬೇಕು. ಎಂದರೆ ಈ ಒಂದು ಹುದ್ದೆಯ ಮಟ್ಟಿಗೆ ಮತದಾರರ ಸ್ಥಾನದಲ್ಲಿ ಶಾಸಕರೇ ನಿಲ್ಲುತ್ತಾರೆ. ಅವರ ಮನಸ್ಸನ್ನು ಬಲ್ಲ ಸಚೇತಕನಿಗೆ ಇದಕ್ಕಿಂತ ಅನುಕೂಲದ ಮತಕ್ಷೇತ್ರ ಸಿಗಲಾರದು.

ನಿಜ ಜೀವನದಲ್ಲಿ ಈ ದಾರಿಯಲ್ಲಿ ಕೊನೆಯವರೆಗೂ ನಡೆದವರು ಒಬ್ಬರೇ. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್‌ನ ಜೆರಾಲ್ಡ್ ಫೋರ್ಡ್ 1949ರಿಂದ ಕೆಳಮನೆಯಲ್ಲಿದ್ದು, 1965ರಿಂದ ಅಲ್ಪಮತದಲ್ಲಿದ್ದ ರಿಪಬ್ಲಿಕನ್ನರ ನಾಯಕರಾಗಿದ್ದವರು. ಸ್ಪೀಕರ್ ಆಗಬೇಕೆಂಬುದು ಅವರ ಜೀವನದ ಆಸೆ, ಆದರೆ ಅವರ ಪಕ್ಷಕ್ಕೆ ಬಹುಮತ ಬರುವ ಸೂಚನೆಯೇ ಇರಲಿಲ್ಲ. 1973ರ ಅಕ್ಟೋಬರ್ 10ರಂದು ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ತೆರಿಗೆ ವಂಚನೆಯ ಪ್ರಕರಣದಲ್ಲಿ ರಾಜೀನಾಮೆ ಕೊಟ್ಟಾಗ, ವಾಟರ್‌ಗೇಟ್ ಹಗರಣದಲ್ಲಿ ಸಿಲುಕಿದ್ದ ಅಧ್ಯಕ್ಷ ನಿಕ್ಸನ್ ಅವರಿಗೆ ವಿರೋಧ ಪಕ್ಷದ ಹಿಡಿತದಲ್ಲಿದ್ದ ಎರಡೂ ಸದನಗಳು ಒಪ್ಪುವ ವ್ಯಕ್ತಿ ಬೇಕಾಗಿತ್ತು. ಡೆಮಾಕ್ರಟಿಕ್ ಪಕ್ಷದ ಸ್ಪೀಕರ್ ಕಾರ್ಲ್ ಆಲ್ಬರ್ಟ್ ಸ್ವತಃ ಫೋರ್ಡ್ ಅವರ ಹೆಸರನ್ನು ಮುಂದಿಟ್ಟರು. ಸೆನೆಟ್ 92ಕ್ಕೆ 3, ಕೆಳಮನೆ 387ಕ್ಕೆ 35 ಮತಗಳಿಂದ ಒಪ್ಪಿದವು. ಡಿಸೆಂಬರ್ 6ರಂದು ಉಪಾಧ್ಯಕ್ಷರಾದ ಫೋರ್ಡ್, ನಿಕ್ಸನ್ ರಾಜೀನಾಮೆಯಿಂದಾಗಿ 1974ರ ಆಗಸ್ಟ್ 9ರಂದು ಅಧ್ಯಕ್ಷರಾದರು. ಅಧ್ಯಕ್ಷ, ಉಪಾಧ್ಯಕ್ಷ ಎರಡಕ್ಕೂ ಚುನಾಯಿತರಾಗದೆ ಅಧ್ಯಕ್ಷ ಪದವಿಯಲ್ಲಿ ಕುಳಿತವರು ಅಮೆರಿಕದ ಇತಿಹಾಸದಲ್ಲಿ ಅವರೊಬ್ಬರೇ. ಫ್ರಾಂಕ್ ಅಂಡರ್‌ವುಡ್ ಹತ್ತಿದ್ದು ಅಕ್ಷರಶಃ ಇದೇ ಮೆಟ್ಟಿಲು, ಆದರೆ ಅವನು ಭಯದಿಂದ ಪಡೆದದ್ದನ್ನು ಫೋರ್ಡ್ ಎದುರಾಳಿಗಳ ವಿಶ್ವಾಸದಿಂದ ಪಡೆದರು. ಇಪ್ಪತ್ತನಾಲ್ಕು ವರ್ಷ ಒಂದೇ ಸಭಾಂಗಣದಲ್ಲಿ ಕೊಟ್ಟ ಮಾತಿಗೆ ತಪ್ಪದೆ ನಡೆದುಕೊಂಡ ಮನುಷ್ಯ ಎಂಬ ಹೆಸರು ಆ 387 ಮತಗಳ ಹಿಂದಿತ್ತು.

ಉಪಾಧ್ಯಕ್ಷನಾದ ಫ್ರಾಂಕ್ ಸೆನೆಟ್‌ನ ಪೀಠದಲ್ಲಿ ಕುಳಿತು, ಕೋರಂ ಇಲ್ಲದಂತೆ ಮಾಡಲು ಹೊರಗುಳಿದ ರಿಪಬ್ಲಿಕನ್ ಸದಸ್ಯರನ್ನು ಬಂಧಿಸಿ ಕರೆತರಲು ಆದೇಶಿಸುವ ದೃಶ್ಯ ಅನೇಕರಿಗೆ ಅತಿರೇಕವೆನಿಸಿರಬಹುದು. ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಹಾಜರಾತಿಯೇ ಕೋರಂ. ಗೈರುಹಾಜರಾದವರನ್ನು ಬಲವಂತವಾಗಿ ಕರೆಸುವ ಅಧಿಕಾರವನ್ನು ಸಂವಿಧಾನವೇ ಸದನಗಳಿಗೆ ಕೊಟ್ಟಿದೆ. 1988ರ ಫೆಬ್ರವರಿಯಲ್ಲಿ ಬಹುಮತ ಪಕ್ಷದ ನಾಯಕ ರಾಬರ್ಟ್ ಬರ್ಡ್ ಈ ಅಧಿಕಾರವನ್ನು ಬಳಸಿದಾಗ, ಆರೆಗನ್ ರಾಜ್ಯದ ಸೆನೆಟರ್ ರಾಬರ್ಟ್ ಪ್ಯಾಕ್‌ವುಡ್ ಅವರನ್ನು ಸಿಬ್ಬಂದಿ ನಿಜವಾಗಿಯೂ ಎತ್ತಿಕೊಂಡು ಬಂದು ಸಭಾಂಗಣದೊಳಗೆ ಇಳಿಸಿದ್ದರು.

ಎರಡನೇ ಸೀಸನ್ನಿನ ಕೊನೆಗೆ ಇಂಪೀಚ್‌ಮೆಂಟ್, ಎಂದರೆ ಸಂಸತ್ತು ಅಧ್ಯಕ್ಷನ ಮೇಲೆ ದೋಷಾರೋಪ ಹೊರಿಸುವ ವಾಗ್ದಂಡನೆಯ ಕ್ರಮಕ್ಕೆ ಹೆದರಿ ವಾಕರ್ ರಾಜೀನಾಮೆ ಕೊಡುತ್ತಾನೆ, ಫ್ರಾಂಕ್ ಅಧ್ಯಕ್ಷನಾಗುತ್ತಾನೆ. ಅವನ ಅಧ್ಯಕ್ಷಗಿರಿಯ ಕಂತುಗಳು ಮೊದಲಿನಷ್ಟು ಬಿಗಿಯಾಗಿಲ್ಲ. ಆದರೂ ಎರಡು ಪ್ರಸಂಗಗಳು ವಿಚಾರಕ್ಕೆ ಯೋಗ್ಯ. ಒಂದು, ಎಲ್ಲರಿಗೂ ಉದ್ಯೋಗ ಕೊಡುವ ತನ್ನ ಯೋಜನೆಗೆ ಕಾಂಗ್ರೆಸ್ ಹಣ ಕೊಡದಿದ್ದಾಗ, ಪ್ರಕೃತಿ ವಿಕೋಪ ಪರಿಹಾರಕ್ಕೆಂದಿರುವ 1988ರ ಸ್ಟ್ಯಾಫರ್ಡ್ ಕಾಯ್ದೆಯ ನಿಧಿಯನ್ನು ಅವನು ನಿರುದ್ಯೋಗವೂ ವಿಕೋಪವೇ ಎಂದು ವಾದಿಸಿ ಬಳಸುತ್ತಾನೆ. ಬೊಕ್ಕಸದ ಬೀಗದ ಕೈ ಶಾಸಕಾಂಗದಲ್ಲಿರಬೇಕೆಂಬ ನಿಯಮವನ್ನು, ಜೀವನವಿಡೀ ಶಾಸಕನಾಗಿದ್ದವನೇ ಅಧಿಕಾರ ಸಿಕ್ಕ ಕೂಡಲೇ ಮುರಿಯುವುದು ಪಾತ್ರದ ಪತನವನ್ನು ಕೊಲೆಗಳಿಗಿಂತ ಚೆನ್ನಾಗಿ ಹೇಳುತ್ತದೆ. ಇನ್ನೊಂದು, ಐದನೇ ಸೀಸನ್ನಿನಲ್ಲಿ ಯಾರಿಗೂ ಬಹುಮತ ಬಾರದೆ ಅಧ್ಯಕ್ಷರ ಆಯ್ಕೆ ಕೆಳಮನೆಗೆ ಬರುವುದು. 12ನೇ ತಿದ್ದುಪಡಿಯಂತೆ ಆಗ ರಾಜ್ಯಕ್ಕೊಂದೇ ಮತ. ಇದು 1825ರ ಫೆಬ್ರವರಿಯಲ್ಲಿ ನಡೆದಿದೆ: ಹೆಚ್ಚು ಮತ ಪಡೆದಿದ್ದ ಆಂಡ್ರ್ಯೂ ಜಾಕ್ಸನ್ ಅವರನ್ನು ಬಿಟ್ಟು ಕೆಳಮನೆ ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನು ಆರಿಸಿತು, ಆಗ ಸ್ಪೀಕರ್ ಆಗಿದ್ದ ಹೆನ್ರಿ ಕ್ಲೇ ಆಡಮ್ಸ್ ಪರ ನಿಂತಿದ್ದರು, ಆಡಮ್ಸ್ ಅಧಿಕಾರಕ್ಕೆ ಬಂದು ಕ್ಲೇ ಅವರನ್ನು ವಿದೇಶಾಂಗ ಸಚಿವರನ್ನಾಗಿ ಮಾಡಿದರು. ಭ್ರಷ್ಟ ಒಪ್ಪಂದವೆಂಬ ಆರೋಪ ಕ್ಲೇ ಅವರನ್ನು ಬದುಕಿನುದ್ದಕ್ಕೂ ಹಿಂಬಾಲಿಸಿತು, ಮೂರು ಸಲ ಕಣಕ್ಕಿಳಿದರೂ ಅಧ್ಯಕ್ಷ ಪದವಿ ದಕ್ಕಲಿಲ್ಲ. ಫ್ರಾಂಕ್‌ಗೆ ಕೈತಪ್ಪಿದ ಹುದ್ದೆಯೂ ಅದೇ ವಿದೇಶಾಂಗ ಸಚಿವ ಸ್ಥಾನ ಎಂಬುದು ಇತಿಹಾಸ ಬಲ್ಲ ವೀಕ್ಷಕರ ಗಮನಕ್ಕೆ ಬಾರದೆ ಇರದು.

ಇಷ್ಟೆಲ್ಲ ಸಂವಿಧಾನಬದ್ಧವಾಗಿರುವ ಕಥೆಯಲ್ಲಿ ಇತಿಹಾಸಕ್ಕೆ ಒಗ್ಗದ ಸಂಗತಿ ಬೇರೊಂದು ಕಡೆ ಇದೆ: ಫ್ರಾಂಕ್ ಗೆದ್ದು ಬರುವ ಕ್ಷೇತ್ರ. 2013ರ ಹೊತ್ತಿಗೆ ದಕ್ಷಿಣ ಕೆರೊಲಿನಾದ ಗ್ರಾಮಾಂತರದಿಂದ ಬಿಳಿಯ ಡೆಮಾಕ್ರಟ್ ನಾಯಕನೊಬ್ಬ ನಿರಾಯಾಸವಾಗಿ ಆರಿಸಿ ಬರುವುದು ಬಹುಮಟ್ಟಿಗೆ ಮುಗಿದುಹೋದ ಕಾಲದ ಮಾತು. ಅಂಥವರು ಒಂದು ಕಾಲದಲ್ಲಿ ಕಾಂಗ್ರೆಸ್ಸನ್ನೇ ಆಳುತ್ತಿದ್ದರು. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮತದಾನದ ಹಕ್ಕನ್ನು ಕಿತ್ತುಕೊಂಡು ಡೆಮಾಕ್ರಟಿಕ್ ಪಕ್ಷ ಏಕಸ್ವಾಮ್ಯ ಸ್ಥಾಪಿಸಿತ್ತು. ಎದುರಾಳಿಗಳೇ ಇಲ್ಲದೆ ದಶಕಗಳ ಕಾಲ ಗೆಲ್ಲುತ್ತಿದ್ದ ಅಲ್ಲಿನ ಸದಸ್ಯರಿಗೆ, ಸೇವಾ ಹಿರಿತನವನ್ನು ನೋಡಿ ಸಮಿತಿಗಳ ಅಧ್ಯಕ್ಷತೆ ಕೊಡುವ ಪದ್ಧತಿಯಿಂದಾಗಿ, ಅಧಿಕಾರ ತಾನಾಗಿ ಬಂದು ಸೇರುತ್ತಿತ್ತು. ಫ್ರಾಂಕ್‌ನ ಪೂರ್ವಜರು ಇವರೇ.

ಆ ಪೂರ್ವಜರಲ್ಲಿ ಹೆಸರಿನಿಂದಲೂ ಒಬ್ಬರಾದ ಆಸ್ಕರ್ ಅಂಡರ್‌ವುಡ್ 1911ರಿಂದ 1915ರವರೆಗೆ ಕೆಳಮನೆಯಲ್ಲಿ, 1920ರಿಂದ 1923ರವರೆಗೆ ಸೆನೆಟ್‌ನಲ್ಲಿ ಡೆಮಾಕ್ರಟಿಕ್ ನಾಯಕರಾಗಿದ್ದರು. ಎರಡೂ ಸದನಗಳಲ್ಲಿ ಪಕ್ಷವನ್ನು ಮುನ್ನಡೆಸಿದವರು ತೀರಾ ವಿರಳ. ಆಮದು ಸುಂಕವನ್ನು ಇಳಿಸಿ ಅದರ ಬದಲಿಗೆ ಆದಾಯ ತೆರಿಗೆಯನ್ನು ತಂದ 1913ರ ಕಾಯ್ದೆ ಅವರ ಹೆಸರಿನಿಂದಲೇ ಪ್ರಸಿದ್ಧ. 1924ರಲ್ಲಿ ನ್ಯೂಯಾರ್ಕಿನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಆರಿಸಲು ಪಕ್ಷ ಸೇರಿದಾಗ, ಕಪ್ಪು ಜನರ ಮೇಲೂ ಕ್ಯಾಥೊಲಿಕ್, ಯಹೂದಿ ಜನರ ಮೇಲೂ ದ್ವೇಷ ಕಾರುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಸಂಘಟನೆಯನ್ನು ಹೆಸರೆತ್ತಿ ಖಂಡಿಸಬೇಕೆಂದು ಅವರು ಪಟ್ಟು ಹಿಡಿದರು. ದಕ್ಷಿಣದ ರಾಜಕಾರಣಿಗೆ ಇದು ಆತ್ಮಹತ್ಯೆಗೆ ಸಮಾನವಾಗಿತ್ತು. ನಿರ್ಣಯ ಕೂದಲೆಳೆಯಲ್ಲಿ ಬಿದ್ದುಹೋಯಿತು. 103 ಸುತ್ತುಗಳ ಮತದಾನದಲ್ಲಿ, ಪ್ರತಿ ಸುತ್ತಿನ ಆರಂಭದಲ್ಲಿಯೂ ಅಲಬಾಮಾದ ಗವರ್ನರ್ ಎದ್ದು ನಿಂತು ತಮ್ಮ ರಾಜ್ಯದ 24 ಮತಗಳು ಅಂಡರ್‌ವುಡ್‌ಗೆ ಎಂದು ಘೋಷಿಸುತ್ತಿದ್ದರು; ದಕ್ಷಿಣದ ಉಳಿದ ರಾಜ್ಯಗಳು ಅವರ ಕೈಹಿಡಿಯಲಿಲ್ಲ. ಮತ್ತೆ ಸ್ಪರ್ಧಿಸದೆ ಅವರು 1927ರಲ್ಲಿ ಸೆನೆಟ್ ಬಿಟ್ಟರು. ಕಲ್ಪಿತ ಅಂಡರ್‌ವುಡ್ ಎಲ್ಲ ನಿಷ್ಠೆಗಳನ್ನು ಮಾರಿ ಅಧ್ಯಕ್ಷನಾದ, ನಿಜವಾದ ಅಂಡರ್‌ವುಡ್ ಒಂದು ನಿಷ್ಠೆಯನ್ನು ಉಳಿಸಿಕೊಂಡು ಅಧ್ಯಕ್ಷ ಸ್ಥಾನದ ಅವಕಾಶವನ್ನು ಕಳೆದುಕೊಂಡರು.

ಆದರೆ ಶಾಸಕಾಂಗದ ನಾಯಕತ್ವವೆಂದರೆ ಏನು ಎಂಬುದನ್ನು ತಿಳಿಯಲು ನೋಡಬೇಕಾದ್ದು ಟೆಕ್ಸಾಸ್‌ನ ಲಿಂಡನ್ ಜಾನ್ಸನ್ ಅವರನ್ನು. 1948ರಲ್ಲಿ ಕೇವಲ 87 ಮತಗಳಿಂದ, ಅದೂ ಒಂದು ಮತಪೆಟ್ಟಿಗೆಯ ಬಗ್ಗೆ ಬಲವಾದ ಅನುಮಾನಗಳ ನಡುವೆ, ಪಕ್ಷದ ಟಿಕೆಟ್ ಗೆದ್ದು ಸೆನೆಟ್ ಪ್ರವೇಶಿಸಿದ ಅವರು 1951ರಲ್ಲಿ ಸಚೇತಕರು, 1953ರಲ್ಲಿ ಅಲ್ಪಮತದ ನಾಯಕರು, 1955ರಲ್ಲಿ ಬಹುಮತದ ನಾಯಕರಾದರು. ಸಹೋದ್ಯೋಗಿಯ ಮುಖಕ್ಕೆ ಮುಖವೊಡ್ಡಿ, ಹೆಗಲ ಮೇಲೆ ಕೈಹಾಕಿ, ಬೇಡಿ, ಗದರಿ, ನಗಿಸಿ, ನಾಚಿಸಿ ಒಪ್ಪಿಸುತ್ತಿದ್ದ ಅವರ ರೀತಿ ವಾಷಿಂಗ್ಟನ್ನಿನಲ್ಲಿ ದಂತಕಥೆಯೇ ಆಗಿತ್ತು. 1957ರ ನಾಗರಿಕ ಹಕ್ಕುಗಳ ಮಸೂದೆ ಅವರ ಪರೀಕ್ಷೆಯಾಯಿತು. ಸೆನೆಟ್‌ನಲ್ಲಿ ಸದಸ್ಯರು ಮಾತು ಮುಂದುವರಿಸುತ್ತಲೇ ಹೋಗಿ ಮತದಾನವನ್ನು ತಡೆಯಬಹುದು, ಇದನ್ನು ಫಿಲಿಬಸ್ಟರ್ ಎನ್ನುತ್ತಾರೆ. ಚರ್ಚೆಯನ್ನು ಮುಗಿಸಲು ಆಗ ಮೂರನೇ ಎರಡರಷ್ಟು ಸದಸ್ಯರ ಬೆಂಬಲ ಬೇಕಿತ್ತು, 1975ರಿಂದ ಅದು 60 ಮತಗಳಿಗೆ ಇಳಿದಿದೆ. ಈ ಅಸ್ತ್ರದಿಂದ ದಕ್ಷಿಣದ ಗುಂಪು 1875ರಿಂದ ಒಂದೂ ನಾಗರಿಕ ಹಕ್ಕಿನ ಕಾನೂನು ಆಗದಂತೆ ನೋಡಿಕೊಂಡಿತ್ತು.

ಜಾನ್ಸನ್ ಹುಡುಕಿದ ಹೊಂದಾಣಿಕೆಯ ಎಳೆ ಸಾವಿರಾರು ಮೈಲಿ ಆಚೆ, ಐಡಾಹೊ ಮತ್ತು ಆರೆಗನ್ ರಾಜ್ಯಗಳ ಗಡಿಯ ಸ್ನೇಕ್ ನದಿಯಲ್ಲಿತ್ತು. ಅಲ್ಲಿನ ಹೆಲ್ಸ್ ಕ್ಯಾನಿಯನ್ ಕಮರಿಯಲ್ಲಿ ಸರ್ಕಾರವೇ ದೊಡ್ಡ ಅಣೆಕಟ್ಟು ಕಟ್ಟಬೇಕೆಂಬುದು ಪಶ್ಚಿಮದ ಸೆನೆಟರ್‌ಗಳ ಬಹುಕಾಲದ ಬೇಡಿಕೆ. ಹಿಂದೆ ಅದನ್ನು ವಿರೋಧಿಸಿದ್ದ ದಕ್ಷಿಣದ ಕೆಲವರು 1957ರ ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಅದರ ಪರ ಮತ ಹಾಕಿದರು; ಆಗಸ್ಟ್ ಆರಂಭದಲ್ಲಿ ಪಶ್ಚಿಮದ ಕೆಲವರು ನಾಗರಿಕ ಹಕ್ಕುಗಳ ಮಸೂದೆಯನ್ನು ಮೆದುಗೊಳಿಸುವ ತಿದ್ದುಪಡಿಗೆ ಕೈಜೋಡಿಸಿದರು. ಮತದಾನದ ಹಕ್ಕಿಗೆ ಅಡ್ಡಿಪಡಿಸಿ ನ್ಯಾಯಾಲಯದ ಆದೇಶ ಮೀರಿದವರನ್ನು ಜ್ಯೂರಿಯ, ಎಂದರೆ ಸ್ಥಳೀಯ ನಾಗರಿಕರ ಮಂಡಳಿಯ ಮುಂದೆ ವಿಚಾರಿಸಬೇಕೆಂಬ ಆ ತಿದ್ದುಪಡಿ 51ಕ್ಕೆ 42 ಮತಗಳಿಂದ ಗೆದ್ದಿತು. ದಕ್ಷಿಣದ ಬಿಳಿಯರ ಜ್ಯೂರಿಗಳು ಬಿಳಿಯ ಅಧಿಕಾರಿಗಳನ್ನು ಶಿಕ್ಷಿಸುವುದಿಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು. ಹೀಗೆ ಹಲ್ಲು ಕಿತ್ತ ಮಸೂದೆ ಆಗಸ್ಟ್ 7ರಂದು 72ಕ್ಕೆ 18 ಮತಗಳಿಂದ ಸೆನೆಟ್ ದಾಟಿತು. ಹೋರಾಟಗಾರರಲ್ಲಿ ಅನೇಕರು ಇದನ್ನು ದ್ರೋಹವೆಂದರು, ಅವರ ಸಿಟ್ಟಿಗೆ ಕಾರಣವಿತ್ತು. ಆದರೂ 82 ವರ್ಷಗಳಿಂದ ಮುಚ್ಚಿದ್ದ ದಾರಿ ತೆರೆದುಕೊಂಡಿತ್ತು, ನ್ಯಾಯ ಇಲಾಖೆಯಲ್ಲಿ ನಾಗರಿಕ ಹಕ್ಕುಗಳ ವಿಭಾಗವೊಂದು ಹುಟ್ಟಿತ್ತು, ಸೆನೆಟ್‌ನಿಂದ ಇಂಥ ಕಾನೂನು ಹೊರಬರುವುದು ಸಾಧ್ಯ ಎಂಬುದು ಸಾಬೀತಾಗಿತ್ತು. ಮೇಲುನೋಟಕ್ಕೆ ಈ ವ್ಯವಹಾರಕ್ಕೂ ಫ್ರಾಂಕ್‌ನ ಸೇನಾ ನೆಲೆ-ಹಡಗುಕಟ್ಟೆ ವ್ಯವಹಾರಕ್ಕೂ ಅಂತರವಿಲ್ಲ. ಅಂತರವಿರುವುದು ವ್ಯವಹಾರ ಮುಗಿದ ಮೇಲೆ ಉಳಿದದ್ದರಲ್ಲಿ. ಫ್ರಾಂಕ್ ಗೆಲ್ಲಿಸಿದ ಶಿಕ್ಷಣ ಮಸೂದೆಯಿಂದ ಯಾವ ಶಾಲೆಯಲ್ಲಿ ಏನು ಬದಲಾಯಿತು ಎಂಬುದನ್ನು ಧಾರಾವಾಹಿ ಎಂದೂ ತೋರಿಸುವುದಿಲ್ಲ, ಅವನಿಗೂ ಅದು ಬೇಕಿಲ್ಲ. ಕಾನೂನು ಅವನಿಗೆ ಏಣಿ ಮಾತ್ರ.

ಕೆನಡಿಯವರ ಹತ್ಯೆಯಿಂದಾಗಿ 1963ರ ನವೆಂಬರ್ 22ರಂದು ಅಧ್ಯಕ್ಷರಾದ ಜಾನ್ಸನ್, ಸೆನೆಟ್‌ನಲ್ಲಿ ತಾವೇ ದುರ್ಬಲಗೊಳಿಸಿದ್ದನ್ನು ಪೂರ್ಣಗೊಳಿಸಿದರು. 1964ರ ಜೂನ್ 10ರಂದು ಫಿಲಿಬಸ್ಟರ್ 71ಕ್ಕೆ 29 ಮತಗಳಿಂದ ಮುರಿದುಬಿತ್ತು, ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆಗೂ, 1965ರ ಆಗಸ್ಟ್ 6ರಂದು ಮತದಾನದ ಹಕ್ಕುಗಳ ಕಾಯ್ದೆಗೂ ಅವರು ಸಹಿ ಹಾಕಿದರು. ವಿಯೆಟ್ನಾಂ ಯುದ್ಧದ ಹೊಣೆಯನ್ನು ಅವರ ಹೆಗಲಿಂದ ಇಳಿಸಲು ಬರುವುದಿಲ್ಲ, ಆದರೆ ಈ ಎರಡು ಕಾಯ್ದೆಗಳು ಅವರ ದೇಶವನ್ನು ಬದಲಿಸಿದವು. 1965ರ ಅಕ್ಟೋಬರ್ 3ರಂದು ಅವರು ಸಹಿ ಮಾಡಿದ ವಲಸೆ ಕಾಯ್ದೆ ಕನ್ನಡಿಗರಿಗೂ ಸಂಬಂಧಿಸಿದ್ದು: 1946ರ ಕಾನೂನಿನಂತೆ ವರ್ಷಕ್ಕೆ ಸುಮಾರು 100 ಭಾರತೀಯರಿಗಷ್ಟೇ ಅವಕಾಶವಿದ್ದ ದೇಶವಾರು ಕೋಟಾ ಪದ್ಧತಿ ಅದರಿಂದ ಕೊನೆಗೊಂಡಿತು, ಮುಂದಿನ ದಶಕಗಳಲ್ಲಿ ಕರ್ನಾಟಕದ ವೈದ್ಯರು, ಎಂಜಿನಿಯರುಗಳು ಅಮೆರಿಕದ ಊರೂರುಗಳಲ್ಲಿ ನೆಲೆಸಿ ಕನ್ನಡ ಕೂಟಗಳನ್ನು ಕಟ್ಟಲು ದಾರಿಯಾಯಿತು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2023ರಲ್ಲಿ ಮಿಷಿಗನ್‌ನಿಂದ ಅದೇ ಕೆಳಮನೆಗೆ ಸದಸ್ಯರಾಗಿ ಹೋದರು.

ಈ ಕಾನೂನುಗಳ ಬೆಲೆಯನ್ನು ಜಾನ್ಸನ್ ಅವರ ಪಕ್ಷ ದಕ್ಷಿಣದಲ್ಲಿ ತೆತ್ತಿತು. ಬಿಳಿಯ ಮತದಾರರು ನಿಧಾನವಾಗಿ, ದಶಕಗಳ ಅವಧಿಯಲ್ಲಿ, ರಿಪಬ್ಲಿಕನ್ ಪಕ್ಷದ ಕಡೆ ಸರಿದರು. ದಕ್ಷಿಣ ಕೆರೊಲಿನಾದ ಐದನೇ ಕ್ಷೇತ್ರವನ್ನು, ಎಂದರೆ ಫ್ರಾಂಕ್ ಅಂಡರ್‌ವುಡ್‌ನದೆಂದು ಧಾರಾವಾಹಿ ಹೇಳುವ ಕ್ಷೇತ್ರವನ್ನು, 1983ರಿಂದ ಪ್ರತಿನಿಧಿಸುತ್ತಿದ್ದ ಡೆಮಾಕ್ರಟ್ ಜಾನ್ ಸ್ಪ್ರ್ಯಾಟ್ ಕೆಳಮನೆಯ ಬಜೆಟ್ ಸಮಿತಿಯ ಅಧ್ಯಕ್ಷರಾಗಿದ್ದ ಹಿರಿಯರು. 2010ರ ಮಾರ್ಚ್ 21ರಂದು ಅಧ್ಯಕ್ಷ ಒಬಾಮ ಅವರ ಆರೋಗ್ಯ ವಿಮೆ ಮಸೂದೆ ಕೆಳಮನೆಯಲ್ಲಿ 219ಕ್ಕೆ 212 ಮತಗಳಿಂದ ಗೆದ್ದಾಗ ಸ್ಪ್ರ್ಯಾಟ್ ಅದರ ಪರ ಮತ ಹಾಕಿದ್ದರು, ಆ ನವೆಂಬರ್‌ನಲ್ಲಿ ಸೋತರು. ಆ ಮಸೂದೆಯ ಮತದಾನದಲ್ಲಿ ಪಕ್ಷದ ವಿರುದ್ಧ ನಿಂತ ಡೆಮಾಕ್ರಟರು 34 ಮಂದಿ. ಅದಕ್ಕಾಗಿ ಯಾರೊಬ್ಬರ ಸದಸ್ಯತ್ವವೂ ಹೋಗಲಿಲ್ಲ.

ಆ 219 ಮತಗಳನ್ನು ಎಣಿಸಿ ಸೇರಿಸುವ ಹೊಣೆಯಿದ್ದ ಬಹುಮತ ಪಕ್ಷದ ಸಚೇತಕರೂ ದಕ್ಷಿಣ ಕೆರೊಲಿನಾದವರೇ. ಪಕ್ಕದ ಆರನೇ ಕ್ಷೇತ್ರದ ಜೇಮ್ಸ್ ಕ್ಲೈಬರ್ನ್ 1940ರಲ್ಲಿ ಸಮ್ಟರ್ ಪಟ್ಟಣದಲ್ಲಿ ಹುಟ್ಟಿದ ಕಪ್ಪು ವರ್ಣೀಯರು. 1960ರಲ್ಲಿ ಆರೆಂಜ್‌ಬರ್ಗ್‌ನ ಕಾಲೇಜಿನಲ್ಲಿ ಓದುತ್ತಿದ್ದಾಗ ವರ್ಣಭೇದದ ವಿರುದ್ಧ ವಿದ್ಯಾರ್ಥಿಗಳ ಮೆರವಣಿಗೆಯಲ್ಲಿ ಬಂಧಿತರಾಗಿದ್ದರು, ತಮ್ಮ ಬಾಳಸಂಗಾತಿಯನ್ನು ಅವರು ಮೊದಲು ಕಂಡದ್ದೂ ಆ ಬಂಧನದ ದಿನವೇ. ಮತದಾನದ ಹಕ್ಕುಗಳ ಕಾಯ್ದೆಯ ಬಲದಿಂದ ಕಪ್ಪು ಮತದಾರರು ಹೆಚ್ಚಿರುವಂತೆ ಮರುವಿಂಗಡಣೆಯಾದ ಕ್ಷೇತ್ರದಿಂದ 1992ರಲ್ಲಿ ಆರಿಸಿ ಬಂದ ಅವರು, ಆ ರಾಜ್ಯದಿಂದ 1897ರ ನಂತರ ಕಾಂಗ್ರೆಸ್ ಸೇರಿದ ಮೊದಲ ಕಪ್ಪು ವರ್ಣೀಯ ಸದಸ್ಯರು. ಧಾರಾವಾಹಿಯ ಬರಹಗಾರರು ದಕ್ಷಿಣ ಕೆರೊಲಿನಾದ ಡೆಮಾಕ್ರಟಿಕ್ ಸಚೇತಕನೊಬ್ಬನನ್ನು ಕಲ್ಪಿಸಿಕೊಳ್ಳುವ ಮೊದಲೇ, 2007ರಿಂದ 2011ರವರೆಗೆ, ಕ್ಲೈಬರ್ನ್ ಆ ಹುದ್ದೆಯಲ್ಲಿದ್ದರು; 2019ರಿಂದ 2023ರವರೆಗೆ ಮತ್ತೆ ಅದೇ ಹುದ್ದೆಯಲ್ಲಿದ್ದರು. ಧಾರಾವಾಹಿ ಆರಂಭವಾದ ವರ್ಷವೇ, 2013ರ ಜೂನ್‌ನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಮತದಾನದ ಹಕ್ಕುಗಳ ಕಾಯ್ದೆಯ ಮುಖ್ಯ ಅಂಶವೊಂದನ್ನು ರದ್ದುಪಡಿಸಿತ್ತು. ಅದನ್ನು ಮರಳಿ ತರುವ ಮಸೂದೆ 2021ರ ಆಗಸ್ಟ್ 24ರಂದು, ಕ್ಲೈಬರ್ನ್ ಸಚೇತಕರಾಗಿದ್ದಾಗ, ಕೆಳಮನೆಯಲ್ಲಿ ಮತ್ತೆ 219ಕ್ಕೆ 212 ಮತಗಳಿಂದಲೇ ಗೆದ್ದು, ಸೆನೆಟ್‌ನ 60 ಮತಗಳ ಗಡಿ ದಾಟಲಾಗದೆ ನಿಂತುಹೋಯಿತು.